ಏಳುವಾಗ ಅವ್ವನ್ನ ಕರೀಲಿಲ್ಲ

ಹನ್ನೊಂದು ವರ್ಷ ಜಿಮ್‌ನಲ್ಲಿ ಕಬ್ಬಿಣ ಎತ್ತಿದ ಹೆಂಗಸಿಗೆ ಹೇಳಬಾರದ ಮಾತು ಯಾವುದು ಗೊತ್ತೆ? 'ತಬಿಯತ್ ಆಗ್ಯಾದ.'

ಹೇಳಿದವಳು ನನ್ನ ನಾದಿನಿ. ಭಾಲ್ಕಿಯ ಒಂದು ಮದುವೆಯಲ್ಲಿ. "ವೈನಿ, ಭಾಳ ತಬಿಯತ್ ಆಗ್ಯಾದ್ರಿ ನಿಮ್ದು" ಅಂದಳು. ಪ್ರೀತಿಯಿಂದಲೇ ಅಂದಳು, ಕೈಯಲ್ಲಿದ್ದ ಜಿಲೇಬಿಯನ್ನು ನನ್ನ ಬಾಯಿಗೆ ತುರುಕುತ್ತ. (ಈ ಕಡೆಯವರಲ್ಲದ ಓದುಗರಿಗೊಂದು ಮಾತು: ನಮ್ಮ ಬೀದರದಲ್ಲಿ 'ತಬಿಯತ್ ಹ್ಯಾಂಗದ?' ಅಂದರೆ ಆರೋಗ್ಯ ವಿಚಾರಿಸಿದ ಹಾಗೆ. 'ತಬಿಯತ್ ಆಗ್ಯಾದ' ಅಂದರೆ ದಪ್ಪಗಾಗಿದ್ದೀರಿ ಅಂತ. ಎರಡಕ್ಕೂ ನಗುತ್ತಲೇ ಉತ್ತರ ಕೊಡಬೇಕು.)

ನಕ್ಕೆ. ಜಿಲೇಬಿ ಇಳಿಯಿತು, ಮಾತು ಇಳಿಯಲಿಲ್ಲ.

ನೀವೇ ಹೇಳಿ, ಬೇಜಾರಾಗುವುದಿಲ್ಲವೆ? ನಲವತ್ತು ದಾಟಿದ ಮೇಲೆ ಜಿಮ್ ಸೇರಿದವಳು ನಾನು. ಬೀದರದ ನೌಬಾದದಲ್ಲಿ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿ. ಬೆಳಿಗ್ಗೆ ಹೆಂಗಸರ ಬ್ಯಾಚ್. ಮೊದಲ ವರ್ಷ ಕನ್ನಡಿಯ ಆಸೆಗೆ ಹೋದೆ. ಆಮೇಲೆ ಕೆಲವು ವರ್ಷ ತೂಕ ಏರಿಸುವ ಹಟಕ್ಕೆ. ಅದೂ ಒಂದು ಕಡೆ ನಿಂತಿತು. ವಯಸ್ಸಾದಂತೆ ಕಬ್ಬಿಣದ ಬಾರ್ ಹಗುರಾಗುತ್ತದೆಯೆ? ಇತ್ತೀಚೆಗೆ ಹೋಗುತ್ತಿದ್ದುದು ಬರೀ ಶಕೀಲಾಳಿಗಾಗಿ. ಸಾಲಿ ಟೀಚರ್, ಜಿಮ್‌ನಲ್ಲಿ ನನ್ನ ಜೊತೆಗಾತಿ. ನಾನು ಒಂದು ದಿನ ತಪ್ಪಿಸಿದರೆ ಫೋನ್ ಮಾಡಿ ಬೈಯುತ್ತಾಳೆ.

ಮೋಟಿವೇಶನ್ ಬಗ್ಗೆ ಭಾಷಣ ಬಿಗಿಯುವವರನ್ನು ಕಂಡರೆ ನನಗೆ ನಗು. ಅದು ನಮ್ಮೂರ ಕರೆಂಟಿನ ಹಾಗೆ. ಬಂದಾಗ ಮೋಟರು ಹಾಕಿ ನೀರಿನ ಟಾಕಿ ತುಂಬಿಸಿಕೊಳ್ಳಬೇಕು, ಅಷ್ಟೆ.

ಭಾಲ್ಕಿಯಿಂದ ಬಂದ ಮೇಲೆ ಕರೆಂಟು ಹೋಯಿತು. ಯಾರ ಕಣ್ಣಿಗೂ ಕಾಣದ ಈ ಉಸಾಬರಿ ಯಾಕೆ ಅನ್ನಿಸಿತು. ಎರಡು ವಾರ ಜಿಮ್ ಕಡೆ ತಲೆ ಹಾಕಲಿಲ್ಲ. ಶಕೀಲಾ ಫೋನ್ ಮಾಡಿದಾಗ ತಬಿಯತ್ ಸರಿಯಿಲ್ಲ ಅಂದೆ. (ಒಂದು ಲೆಕ್ಕದಲ್ಲಿ ಸುಳ್ಳಲ್ಲ.) ಬಿಟ್ಟೇಬಿಡುವುದು ಅಂತ ಮನಸ್ಸಿನಲ್ಲಿ ಪಕ್ಕಾ ಆಗಿತ್ತು. ಅವಳಿಗೆ ಹೇಳುವ ಧೈರ್ಯವೊಂದು ಬಾಕಿಯಿತ್ತು.

ಹೋದ ಭಾನುವಾರ ಸೋದರತ್ತೆಯನ್ನು ನೋಡಲು ಔರಾದ್ ದಾಟಿ ಚಿಂತಾಕಿಗೆ ಹೋದೆ. ಅತ್ತೆಗೆ ಎಂಬತ್ತರ ಆಸುಪಾಸು. ಮಾತು ಮಾತ್ರ ಇನ್ನೂ ಹರೆಯದ್ದು. ಪಡಸಾಲೆಯಲ್ಲಿ ಅತ್ತೆ, ಅವಳ ಇಬ್ಬರು ಸೊಸೆಯರು, ನಾನು, ನೆಲದ ಮೇಲೆ ಕೂತು ಹಸಿ ತೊಗರಿಕಾಯಿ ಸುಲಿಯುತ್ತಿದ್ದೆವು. ಸೊಸೆಯರಿಬ್ಬರೂ ನನಗಿಂತ ಚಿಕ್ಕವರು, ನನಗಿಂತ ತೆಳ್ಳಗಿನವರು. (ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ?)

ಊಟದ ಹೊತ್ತಾಯಿತು. ಹಿರಿಯ ಸೊಸೆ ಗೋಡೆ ಹಿಡಿದು 'ಯವ್ವಾ' ಅನ್ನುತ್ತ ಎದ್ದಳು. ಕಿರಿಯಾಕೆ ಮೊಣಕಾಲಿಗೆ ಕೈಯೂರಿ 'ಯವ್ವಾ' ಅಂದಳು. ನಾನು ಕಾಳಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದು ಅಡುಗೆಮನೆಯ ಕಡೆ ಹೊರಟೆ.

"ನಿಂದ್ರ," ಅಂದಳು ಅತ್ತೆ. "ನೀ ಅವ್ವನ್ನ ಕರೀಲಿಲ್ಲಲ್ಲ?"

ಯಾವ ಅವ್ವ? ನನ್ನವ್ವ ತೀರಿಕೊಂಡು ಎಷ್ಟೋ ವರ್ಷವಾಯಿತು.

"ಏಳುವಾಗ, ಹುಚ್ಚಿ. ನಾ ಮುದುಕಿ ಆದಾಗಿಂದ ಕರೀಲತ್ತೀನಿ. ನಮ್ಮವ್ವ ಒಮ್ಮಿನೂ ಬಂದು ಎಬ್ಸಿಲ್ಲ."

ಎಲ್ಲರೂ ನಕ್ಕೆವು. ಅತ್ತೆ ನನ್ನ ಕಡೆ ಕೈ ಚಾಚಿದಳು. ಬುಟ್ಟಿ ಕೆಳಗಿಟ್ಟು ಅವಳ ಎರಡೂ ಕೈ ಹಿಡಿದು ಎತ್ತಿದೆ. ರೂಢಿಯಂತೆ 'ಯ' ಅಂತ ಬಾಯಿ ತೆರೆದವಳು 'ವ್ವಾ' ಅನ್ನುವಷ್ಟರಲ್ಲಿ ಎದ್ದು ನಿಂತಿದ್ದಳು. ಅವಳಿಗೇ ಆಶ್ಚರ್ಯ. ಏನು ತಿನ್ನುತ್ತೀ ಅಂತ ವಿಚಾರಿಸಿದಳು. ತಿನ್ನುವುದಲ್ಲ, ಜಿಮ್ಮಿಗೆ ಹೋಗುತ್ತೇನೆ, ಭಾರ ಹೊತ್ತು ಕೂತು ಏಳುತ್ತೇನೆ ಅಂದೆ. ಹೋಗುತ್ತಿದ್ದೆ ಅನ್ನಬೇಕಿತ್ತು. ಬಾಯಿಗೆ ಬರಲಿಲ್ಲ.

"ಬಿಡಬ್ಯಾಡ ಮತ್ತ," ಅಂದಳು ಅತ್ತೆ.

ಬಸ್ಸಿನಲ್ಲಿ ಬೀದರದವರೆಗೂ ಒಬ್ಬಳೇ ನಗುತ್ತ ಬಂದೆ. ಇಷ್ಟು ವರ್ಷ ಜಿಮ್ಮಿನ ಫಲವನ್ನು ಕನ್ನಡಿಯಲ್ಲಿ ಹುಡುಕಿದೆ, ಮದುವೆಮನೆಯ ನಾಲ್ಕು ಜನರ ಕಣ್ಣಿನಲ್ಲಿ ಹುಡುಕಿದೆ. ನೆಲದಿಂದ ಏಳುವುದು ಇಷ್ಟು ಸಲೀಸಾಗಿದೆ ಅನ್ನುವುದು ನನ್ನ ಗಮನಕ್ಕೇ ಬಂದಿರಲಿಲ್ಲ. ನೋವು ಇದ್ದಿದ್ದರೆ ಗಮನಕ್ಕೆ ಬರುತ್ತಿತ್ತು. ಇಲ್ಲದ್ದನ್ನು ಯಾರು ನೋಡುತ್ತಾರೆ, ಎಂಬತ್ತರ ಅತ್ತೆಯ ಹೊರತು? ಖುಷಿಯಾಯಿತು. ನಿಜವಾಗಿ ಖುಷಿಯಾಯಿತು.

ಸೋಮವಾರ ಬೆಳಿಗ್ಗೆ ಜಿಮ್‌ನಲ್ಲಿದ್ದೆ. ಎರಡು ವಾರದ ಸಿಟ್ಟನ್ನೆಲ್ಲ ಮುಖದಲ್ಲಿ ಇಟ್ಟುಕೊಂಡೇ ಶಕೀಲಾ ಕೇಳಿದಳು, "ತಬಿಯತ್ ಹ್ಯಾಂಗದ ಅಕ್ಕಾ?"

"ಆಗ್ಯಾದ," ಅಂದೆ, ಬಾರಿಗೆ ಹೆಗಲು ಕೊಡುತ್ತ.

ಅದಿರಲಿ, ನೆಲದಿಂದ ಏಳುವಾಗ ನೀವು ಯಾರನ್ನು ಕರೆಯುತ್ತೀರಿ?