ಹಿಂದುಮುಂದಾದ ರೀಲುಗಳು

ಮನೆಯಿಂದ ಎರಡು ಕಿಲೋಮೀಟರಿಗಿಂತ ಆಚೆ ಹೋಗಬಾರದು ಎಂಬ ನಿಯಮ ಬಂದಾಗ ನಾನು ಐರಿಷ್ ಕರಾವಳಿಯ ಡನ್ ಲಿಯರಿಯ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಗೆಳತಿ ದೇಶದ ಇನ್ನೊಂದು ಬದಿಯ ಗಾಲ್ವೇಯಲ್ಲಿದ್ದಳು. ಪಾರ್ಕ್‌ಮೋರ್‌ನ ವೈದ್ಯಕೀಯ ಉಪಕರಣಗಳ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಅದು ಒಂದು ದಿನವೂ ನಿಲ್ಲಲಿಲ್ಲ. ಮೈಸೂರಿನ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು.

ಕಾಲೇಜಿನ ದಿನಗಳಲ್ಲಿ ನಾನು ಸಂಜೆ ತರಗತಿಗಳಿಗೆ ಹೋಗಿ ರಷ್ಯನ್ ಕಲಿತಿದ್ದೆ. ಅದು ಯಾವ ಕೆಲಸಕ್ಕೂ ಬಂದಿರಲಿಲ್ಲ. ಲಾಕ್‌ಡೌನಿನಲ್ಲಿ ಅದಕ್ಕೊಂದು ಕೆಲಸ ಹುಡುಕಿದೆ: ಸೋವಿಯತ್ ಸಿನಿಮಾದ ಒಂದೇ ಒಂದು ವರ್ಷ, ಅರವತ್ತರ ದಶಕದ್ದು. ಆ ವರ್ಷ ತಯಾರಾದ ಚಿತ್ರಗಳಲ್ಲಿ ಅಂತರ್ಜಾಲದಲ್ಲಿ ಸಿಕ್ಕಷ್ಟನ್ನೂ ನೋಡುವುದು, ಶನಿವಾರ ಮಧ್ಯಾಹ್ನಕ್ಕೊಂದರಂತೆ. ಎರಡನೇ ಮಹಾಯುದ್ಧ ಮುಗಿದು ಎಷ್ಟೋ ಕಾಲವಾಗಿದ್ದರೂ ಆ ಚಿತ್ರಗಳಲ್ಲಿ ಯಾರೋ ಒಬ್ಬರು ಇನ್ನೂ ಮನೆಗೆ ಬಂದಿರುತ್ತಿರಲಿಲ್ಲ. ಹಾಸ್ಯಚಿತ್ರದಲ್ಲೂ ಊಟದ ಮೇಜಿನ ಬಳಿ ಒಂದು ಕುರ್ಚಿ ಖಾಲಿ.

ಗೆಳತಿಯೂ ಸೇರಿಕೊಂಡಳು. ಫೋನಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿ ಇಬ್ಬರೂ ಒಟ್ಟಿಗೆ ಚಿತ್ರ ಶುರು ಮಾಡುತ್ತಿದ್ದೆವು. ಅರ್ಧ ಗಂಟೆಯಲ್ಲಿ ಆ ಕಡೆಯಿಂದ ಗೊರಕೆ ಕೇಳುತ್ತಿತ್ತು.

"ಶಿಫ್ಟ್ ಮುಗ್ಸಿ ಬಂದಿದೀನಿ ಕಣೇ. ನೋಟ್ಸ್ ಕಳ್ಸು."

"ಪರೀಕ್ಷೆ ಯಾವಾಗ?"

"ಕಳ್ಸೇ, ದೊಡ್ಡ ಮೇಡಂ ಥರ ಆಡ್ಬೇಡ."

ಕಾಲೇಜಿನಲ್ಲೂ ಹೀಗೇ ಇತ್ತು. ನಾನು ಬರೆಯುವುದು, ಅವಳು ಓದುವುದು. ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆದು ಕಳಿಸುತ್ತಿದ್ದೆ.

ನೋಡಿದ ಸಿನಿಮಾಗಳಲ್ಲಿ ಒಂದು, ದೋಣಿಕಟ್ಟೆಯಲ್ಲಿ ಗಂಡನಿಗಾಗಿ ಕಾಯುವ ಹೆಂಗಸಿನ ಚಿತ್ರ. ಅವನು ಸತ್ತ ಸುದ್ದಿಯ ಪತ್ರ ಮೊದಲು ಬರುತ್ತದೆ. ಆಮೇಲೆ ಅವಳು ಕಟ್ಟೆಗೆ ಹೋಗಿ ಕಾಯುತ್ತಾಳೆ. ಅದೇ ತಿಂಗಳು ಮೈಸೂರಿನಲ್ಲಿ ನನ್ನ ಅಜ್ಜಿ ತೀರಿಕೊಂಡಿದ್ದರು. ವಿಮಾನ ಇರಲಿಲ್ಲ, ಹೋಗಲಾಗಲಿಲ್ಲ. ಪುಟದ ಕೊನೆಯಲ್ಲಿ ಬರೆದೆ: "ಸುದ್ದಿ ಬಂದ ಮೇಲೆಯೇ ನಿಜವಾಗಿ ಕಾಯುವುದು ಶುರುವಾಗುತ್ತದೆ. ಭಾನುವಾರ ಹತ್ತು ಗಂಟೆಗೆ ನಾನು ಅಜ್ಜಿಯ ಫೋನಿಗೆ ಈಗಲೂ ಕಾಯುತ್ತೇನೆ." ಯಾರಿಗೂ ಹೇಳದ ಮಾತು. ಅವಳಿಗಾದ್ದರಿಂದ ಆ ಪುಟವನ್ನೂ ಕಳಿಸಿದೆ.

ಕೆಲವು ವಾರಗಳ ನಂತರ ಅದೇ ಚಿತ್ರದ ಒಳ್ಳೆಯ ಪ್ರತಿ ಸಿಕ್ಕಿತು. ಅದರಲ್ಲಿ ಅವಳು ಮೊದಲು ಕಾಯುತ್ತಾಳೆ, ಪತ್ರ ಬರುವುದು ಕೊನೆಗೆ. ನಾವು ನೋಡಿದ ಪ್ರತಿಯಲ್ಲಿ ರೀಲುಗಳು ಹಿಂದುಮುಂದಾಗಿದ್ದವು. ನಾಚಿಕೆಯಿಂದ ಆ ಪುಟಕ್ಕೆ ಅಡ್ಡಗೆರೆ ಎಳೆದೆ. ಗೆಳತಿಗೆ ಹೇಳಲಿಲ್ಲ.

ನವೆಂಬರಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವ ಆನ್‌ಲೈನಿನಲ್ಲಿ ನಡೆಯಿತು. "ಹಳೇ ರಷ್ಯನ್ ಸಿನಿಮಾ ಬಗ್ಗೆ ಏನೋ ಸ್ವಲ್ಪ ಮಾತಾಡ್ತೀನಿ, ನೀನೂ ಬಾ" ಎಂದು ಅವಳು ಅಂದು ಬೆಳಿಗ್ಗೆಯಷ್ಟೇ ತಿಳಿಸಿದ್ದಳು. ಮಾತಾಡಿದಳು. ಖಾಲಿ ಕುರ್ಚಿ ಬಂತು. ದೋಣಿಕಟ್ಟೆ ಬಂತು. "ಪತ್ರ ಮೊದಲು, ಕಾಯುವುದು ಆಮೇಲೆ, ಇದು ನಿರ್ದೇಶಕನ ಧೈರ್ಯ" ಎಂದಳು. ಬಳಿಕ ಸ್ವಲ್ಪ ತಡೆದು, "ನಮ್ಮ ಅಜ್ಜಿ ಹೋದ ಮೇಲೂ ನಾನು ಭಾನುವಾರ ಹತ್ತು ಗಂಟೆಗೆ..." ಎಂದಳು.

ಅವಳ ಅಜ್ಜಿ ಬದುಕಿದ್ದರು. ಹಿಂದಿನ ವಾರವಷ್ಟೇ ವಿಡಿಯೋ ಕರೆಯಲ್ಲಿ ನನಗೆ ಸಾರಿನ ಪುಡಿಯ ಅಳತೆ ಹೇಳಿದ್ದರು.

ಸಂಘದ ಹಿರಿಯರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಮನಸ್ಸು ತುಂಬಿ ಬಂತಮ್ಮ" ಎಂದರು. ನನ್ನ ಮೈಕು ಮ್ಯೂಟ್‌ನಲ್ಲಿತ್ತು. ಹಾಗೆಯೇ ಬಿಟ್ಟೆ.

ಮಾರನೆಯ ದಿನ ಅವಳೇ ಫೋನ್ ಮಾಡಿದಳು. "ಹೆಂಗಿತ್ತು?"

"ಅದು ನನ್ನ ಅಜ್ಜಿ."

"ಗೊತ್ತು ಕಣೇ. ನೀನಂತೂ ಬಾಯಿ ಬಿಡಲ್ಲ. ಯಾರಾದ್ರೂ ಹೇಳ್ಬೇಕಲ್ಲ, ಅಷ್ಟು ಚೆನ್ನಾಗಿ ಬರ್ದಿದೀಯ."

"ರೀಲು ಉಲ್ಟಾ ಆಗಿತ್ತು. ಪತ್ರ ಬರೋದು ಕೊನೆಗೆ."

"ಅಯ್ಯೋ, ಮೊದ್ಲೇ ಹೇಳ್ಬಾರ್ದಿತ್ತಾ?"

"ನೀನು ಕೇಳಲಿಲ್ಲ."

"ಇರ್ಲಿ ಬಿಡು, ಇಟ್ಸ್ ಗ್ರ್ಯಾಂಡ್. ಸ್ಮರಣ ಸಂಚಿಕೆಗೆ ಲೇಖನ ಕೇಳಿದಾರೆ. ಆ ಪ್ಯಾರಾ ಒಂದು ಸರಿ ಮಾಡಿ ಕೊಡ್ತೀಯಾ?" ಎಂದಳು.

ಫೈಲು ಬಂತು. ರೀಲಿನ ವಿಷಯ ತಿದ್ದಿದೆ; ಚಿತ್ರ ಮಾಡಿದವರಿಗೆ ಅನ್ಯಾಯವಾಗಬಾರದು. ಅಜ್ಜಿಯ ವಾಕ್ಯವನ್ನು ಅಳಿಸಿದೆ. "ತುಂಬಾ ಚಿಕ್ಕದಾಯ್ತಲ್ಲೇ" ಎಂದು ಬರೆದಳು. "ಹೌದು" ಎಂದು ಉತ್ತರಿಸಿದೆ.

ಆ ಶನಿವಾರ ಮಧ್ಯಾಹ್ನ ಅವಳ ಫೋನು ಬಂತು. ರಿಂಗಾಗಿ ನಿಂತಿತು. ಆ ವರ್ಷದ ನಾಲ್ಕು ಚಿತ್ರಗಳು ಇನ್ನೂ ಉಳಿದಿದ್ದವು. ನಾಲ್ಕನ್ನೂ ನೋಡಿದೆ. ಏನೂ ಬರೆಯಲಿಲ್ಲ.