ಲಾರ್ಡರ ಕುರ್ಚಿ ಯಾವ ಅಳಿಯನಿಗೆ?

ತೊಂಬತ್ತೈದೋ ತೊಂಬತ್ತಾರೋ ಇಸವಿ. ಮಗಳ ಬಾಣಂತನಕ್ಕೆಂದು ಕತಾರಿನ ಅಲ್ ರಯ್ಯಾನಿಗೆ ಹೋಗಿದ್ದೆ. ಒಂದು ಮಧ್ಯಾಹ್ನ ಅಳಿಯನ ಕಂಪನಿಯ ಡೈರೆಕ್ಟರು ಊಟಕ್ಕೆ ಬಂದರು. ಇಂಗ್ಲೆಂಡಿನ ಲಾರ್ಡ್ ಅಂತೆ. ಎರಡು ಸಲ ಪಕ್ಷ ಬದಲಿಸಿ, ಪೇಪರಿನವರಿಂದ ದಿನಾ ಬೈಸಿಕೊಂಡವರು. ಅಳಿಯನ ಕೆಲಸ ಮುಂದುವರಿಯುವುದು ಅವರ ಕೈಯಲ್ಲಿತ್ತು. "ಅತ್ತೆ, ರಾಜಕೀಯ ಮಾತ್ರ ಎತ್ತಬೇಡಿ" ಎಂದು ಅಳಿಯ ಮೊದಲೇ ಕೈಮುಗಿದಿದ್ದರು.

ನಾನು ಎತ್ತಲಿಲ್ಲ. ನೀರುದೋಸೆ ತಿನ್ನುತ್ತಾ ಲಾರ್ಡರೇ ಶುರುಮಾಡಿದರು, ಅಳಿಯ ಕನ್ನಡದಲ್ಲಿ ಹೇಳುತ್ತಾ ಹೋದರು. ಪಾರ್ಲಿಮೆಂಟಿನ ಕುರ್ಚಿ ಇವರಿಗೆ ಓಟಿಲ್ಲದೆ ಅಪ್ಪನಿಂದ ಬಂದದ್ದಂತೆ, ಇವರಿಗೆ ಗಂಡುಮಕ್ಕಳಿಲ್ಲವಂತೆ, ಅದು ಮುಂದೆ ಯಾರಿಗೆ ಎಂಬುದೇ ಚಿಂತೆಯಂತೆ.

"ನಮ್ಮ ತುಳುನಾಡಿನ ಹಾಗೆ ಅಳಿಯನಿಗೆ ಕೊಡಲಿ" ಎಂದೆ. ನಮ್ಮಲ್ಲಿ ತಂಗಿಯ ಮಗನೂ ಅಳಿಯನೇ, ಹಿಂದೆ ಮನೆಯ ಯಜಮಾನಿಕೆ ಅವನಿಗೇ. ಆದರೆ ನಮ್ಮ ಅಳಿಯ ಮಗಳ ಗಂಡ ನೋಡಿ, ಇಂಗ್ಲಿಷಿನಲ್ಲೂ 'ಮಗಳ ಗಂಡನಿಗೆ' ಎಂದೇ ಹೇಳಿಬಿಟ್ಟರು.

ಲಾರ್ಡರು ದೋಸೆ ಕೆಳಗಿಟ್ಟರು. "ಮಗಳ ಗಂಡನಿಗಾ? ಪೇಪರಿನಲ್ಲಿ ನನ್ನನ್ನು ಬೈದು ಬರೆಯುವವನೇ ಅವನು."

ಅಳಿಯನ ಮುಖ ಬಿಳಿಚಿಕೊಂಡಿತು. ಕೋಣೆಯೊಳಗೆ ಮಲಗಿದ್ದ ಮಗಳು, "ಅಮ್ಮ ಹೇಳಿದ್ದು ನಿಮ್ಮ ತಂಗಿಯ ಮಗನಿಗೆ" ಎಂದು ಇಂಗ್ಲಿಷಿನಲ್ಲಿ ಕೂಗಿ ಸರಿಮಾಡಿದಳು.

"ಓ, ಅವನಾ? ಅವನು ಬರೆಯುವುದೂ ಇಲ್ಲ, ಓದುವುದೂ ಇಲ್ಲ. ಪಾರ್ಲಿಮೆಂಟಿಗೆ ಸರಿಹೋಗುತ್ತಾನೆ" ಎಂದು ಲಾರ್ಡರು ನಕ್ಕು ಇನ್ನೆರಡು ದೋಸೆ ಹಾಕಿಸಿಕೊಂಡರು.

ಅಳಿಯನ ಕೆಲಸ ಉಳಿಯಿತು. ಭಾಷಾಂತರದ ಕೆಲಸ ಮಾತ್ರ ಅಂದಿನಿಂದ ಮಗಳ ಪಾಲಾಯಿತು.