ಎರಡು ನೀಲಾಂಜನ, ಒಂದು ಬಲೂನಿನ ಆಟ

ವಿಡಿಯೋ ಗೇಮು ಮನುಷ್ಯರನ್ನು ಒಂಟಿಯಾಗಿಸುತ್ತದೆ ಎಂದು ಆ ವರ್ಷಗಳಲ್ಲಿ ಓದಿದವರೂ ಓದದವರೂ ಒಂದೇ ದನಿಯಲ್ಲಿ ಹೇಳುತ್ತಿದ್ದರು. ನಾನು ನಂಬಲಿಲ್ಲ. ನನ್ನ ಸಾಕ್ಷಿ ನನ್ನ ಮನೆಯಲ್ಲೇ ಇತ್ತು. ಪೋಸ್ಟ್‌ಮಾಸ್ಟರಾಗಿ ನಿವೃತ್ತರಾದ ನಮ್ಮ ಯಜಮಾನರು, ಅಮೆರಿಕದ ಪ್ಲೇನ್ಸ್‌ಬರೋದಲ್ಲಿದ್ದ ಮಗಳ ಮನೆಗೆ ಬಂದು ಎರಡು ಚಳಿಗಾಲ ಕಳೆದರೂ ಯಾರೊಡನೆಯೂ ನಾಲ್ಕು ಮಾತು ಆಡಿರಲಿಲ್ಲ. ಅಂಥವರು ಈಗ ಪ್ರತಿ ಶನಿವಾರ ಮಧ್ಯಾಹ್ನ ಎದುರು ಬಿಲ್ಡಿಂಗಿನ ಧಾರವಾಡದ ಎಂಜಿನಿಯರರ ಮನೆಯಲ್ಲಿ ಟೀವಿಯ ಮುಂದೆ ನಿಂತು, ಗಂಟಲು ಕಟ್ಟುವಷ್ಟು ಕೂಗುತ್ತ ಬಲೂನು ಹೊಡೆಯುತ್ತಿದ್ದರು.

ಆಟ ಸರಳ. ಪರದೆಯ ಮೇಲೆ ಬಲೂನುಗಳು ಹಾರುತ್ತವೆ. ಇಬ್ಬರೂ ಒಂದೊಂದು ಬಿಳಿ ರಿಮೋಟನ್ನು ಗುರಿಯಿಟ್ಟು ಗುಂಡಿ ಒತ್ತಬೇಕು. ಮೊದಲು ಒಡೆದವರಿಗೆ ಅಂಕ. ಆದರೆ ತಯಾರಿಸಿದವರ ಕನಸಿನಲ್ಲೂ ಇರದ ಕೆಲವು ಕಟ್ಟಳೆಗಳು ಆ ಮನೆಯಲ್ಲಿ ಹುಟ್ಟಿಕೊಂಡಿದ್ದವು. ಕಾಫಿ ಮುಗಿಯದೆ ರಿಮೋಟು ಮುಟ್ಟುವಂತಿಲ್ಲ. ಚಪ್ಪಲಿ ಮೆಟ್ಟಿ ಆಡುವಂತಿಲ್ಲ. ನಡುವೆ ಬಾತುಕೋಳಿ ಹಾರಿ ಬಂದರೆ, ಅದಕ್ಕೆ ಹೆಚ್ಚು ಅಂಕವಿದ್ದರೂ, ಇಬ್ಬರೂ ಕೈ ಇಳಿಸಬೇಕು. ಎಂಜಿನಿಯರರ ಹೆಂಡತಿ ಒಮ್ಮೆ "ಶ್ರಾವಣದಾಗ ಬ್ಯಾಡ್ರಿ" ಎಂದದ್ದು ವರ್ಷಪೂರ್ತಿಯ ನಿಯಮವಾಗಿ ಉಳಿದಿತ್ತು. ತಂತ್ರಜ್ಞಾನ ನಮ್ಮ ಸಂಸ್ಕೃತಿಯನ್ನು ಬದಲಿಸಿಬಿಡುತ್ತದೆ ಎಂದು ಭಾಷಣ ಮಾಡುವವರು, ನಮ್ಮ ಸಂಸ್ಕೃತಿ ಅದರ ಕೈಲಿ ಚಪ್ಪಲಿ ಬಿಚ್ಚಿಸಿದ್ದನ್ನು ನೋಡಿರಲಾರರು.

ಆ ಚಳಿಗಾಲ ಲೇಆಫ್ ಎಂಬ ಮಾತು ನಮ್ಮ ಕಾಂಪ್ಲೆಕ್ಸಿನಲ್ಲಿ ಹಿಮದ ಸುದ್ದಿಯಷ್ಟೇ ಸಾಮಾನ್ಯವಾಗಿತ್ತು. ವಾರದ ದಿನಗಳಲ್ಲೂ ಪಾರ್ಕಿಂಗ್ ಲಾಟಿನಲ್ಲಿ ಕಾರುಗಳು ಕದಲುತ್ತಿರಲಿಲ್ಲ. ಎಂಜಿನಿಯರರ ಮಗನ ಕೆಲಸವೂ ಹೋಗಿ, ಬೇರೆ ಕೆಲಸ ಟೆಕ್ಸಾಸಿನಲ್ಲಿ ಸಿಕ್ಕಿತು. ಇಡೀ ಸಂಸಾರ ಭಾನುವಾರ ಬೆಳಿಗ್ಗೆ ಹೊರಡುವುದಿತ್ತು. ಅಷ್ಟರಲ್ಲಿ ನಮ್ಮವರು ಒಂಬತ್ತು ಶನಿವಾರ, ಅವರು ಒಂಬತ್ತು ಶನಿವಾರ ಗೆದ್ದು ಸಮಸಮವಾಗಿದ್ದರು. ಕೊನೆಯ ಶನಿವಾರ ಇತ್ಯರ್ಥವಾಗದಿದ್ದರೆ ಇನ್ನೆಂದೂ ಆಗುವಂತಿರಲಿಲ್ಲ. ನಮ್ಮವರು ಬೆಳಗಿನಿಂದ ಬಲಗೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

ನಾವು ಹೋದಾಗ ಮನೆಯ ತುಂಬ ಟೇಪು ಬಿಗಿದ ರಟ್ಟಿನ ಡಬ್ಬಿಗಳು. ನಡುಮನೆಯಲ್ಲಿ ಸೋಫಾ, ಟೀವಿ, ಆಟದ ಯಂತ್ರ, ಎರಡು ರಿಮೋಟು ಮಾತ್ರ ಹೊರಗಿದ್ದವು. ಎಂಜಿನಿಯರರು ತಲೆಯ ಮೇಲೆ ಕೈಹೊತ್ತು ಕೂತಿದ್ದರು.

"ಕೆಲಸ ಕೆಟ್ತು ಪೋಸ್ಟ್‌ಮಾಸ್ತರ! ಟೀವಿ ಕೆಳಗಿನ ಪಟ್ಟಿ ಯಾವುದೋ ಡಬ್ಬಿಯೊಳಗ ಹೋಗೇತಿ."

ಗೇಣುದ್ದದ ಆ ಕಪ್ಪು ಪಟ್ಟಿಯಿಲ್ಲದೆ ಪರದೆಯ ಮೇಲೆ ಗುರಿಯ ಚುಕ್ಕೆಯೇ ಮೂಡುತ್ತಿರಲಿಲ್ಲ.

"ಡಬ್ಬಿ ಬಿಚ್ಚಿ ಸಾಹೇಬ್ರೇ," ಎಂದರು ನಮ್ಮವರು.

"ಯಾವುದು ಬಿಚ್ಚಲಿ? ಅದು ಮಷೀನಿನ ಕಣ್ಣು. ನಮ್ಮ ಕೈ ಎಲ್ಲಿ ಹೊಂಟದ ಅಂತ ನೋಡೂದ ಅದು. ಕಣ್ಣ ಇಲ್ಲಂದ್ರ ಮುಗೀತು."

ಎಲ್ಲರೂ ಹಾಗೇ ಹೇಳುತ್ತಿದ್ದರು. ಅವರ ಮಗನೂ, ನಮ್ಮ ಮಗಳೂ.

"ಅದು ಕಣ್ಣಲ್ಲ," ಎಂದೆ. "ಟೀವಿಯ ಹಿಂದಿನ ಕಿಟಕಿಯಿಂದ ಬಿಸಿಲು ಬಿದ್ದಾಗಲೆಲ್ಲ ಚುಕ್ಕೆ ದಿಕ್ಕುತಪ್ಪಿ ಓಡುತ್ತಿತ್ತು ತಾನೆ? ಪಟ್ಟಿಯೇ ಕಣ್ಣಾಗಿದ್ದರೆ ಬೆನ್ನಿನ ಬಿಸಿಲು ಅದನ್ನೇಕೆ ಕಾಡಬೇಕು? ಬಿಸಿಲಿಗೆ ಮುಖ ಮಾಡಿದ್ದು ರಿಮೋಟು. ಕಣ್ಣಿರುವುದು ಅದರ ಮೂತಿಯಲ್ಲಿ. ಪಟ್ಟಿ ಬರೀ ದೀಪ, ಎರಡು ತುದಿಯಲ್ಲೂ ನಮಗೆ ಕಾಣದ ದೀಪ."

"ಅಕ್ಕಾರ, ನೀವು ಕಲ್ತದ್ದು ಏಳನೇತ್ತಾ. ನಾ ಮೂವತ್ತ ವರ್ಷ ಎಂಜಿನಿಯರಿಕಿ ಮಾಡೀನಿ."

"ಏಳಕ್ಕೆ ನಾನು ನಿಲ್ಲಿಸಿದ್ದು ಸ್ಕೂಲು, ಓದನ್ನಲ್ಲ," ಎಂದೆ. ಕಾಣದ ಆ ಬೆಳಕು ಎಣ್ಣೆದೀಪದ ಕುಡಿಯಲ್ಲೂ ಇರುತ್ತದೆಂದು ಲೈಬ್ರರಿಯ ಪುಸ್ತಕವೊಂದರಲ್ಲಿ ಓದಿದ್ದೆ. "ಎರಡು ದೀಪ ತರಿಸಿ, ನೋಡೋಣ."

ಅವರ ಹೆಂಡತಿ ಆಗಲೇ ಎದ್ದಿದ್ದರು. ಯಾವ ಊರಿಗೆ ಹೊರಟರೂ ದೇವರ ಸಾಮಾನು ಕಟ್ಟುವುದು ಎಲ್ಲಕ್ಕಿಂತ ಕೊನೆಗೆ. ಹಾಗಾಗಿ ಎರಡು ಹಿತ್ತಾಳೆ ನೀಲಾಂಜನಗಳು ಗೂಡಿನಲ್ಲೇ ಇದ್ದವು. ಪಟ್ಟಿಯಿದ್ದ ಜಾಗದಲ್ಲಿ ಗೇಣು ಬಿಟ್ಟು ಎರಡನ್ನೂ ಹಚ್ಚಿಟ್ಟು, ಕಿಟಕಿಯ ಬ್ಲೈಂಡ್ಸ್ ಇಳಿಸಿದೆವು. ನಮ್ಮವರು ರಿಮೋಟು ಎತ್ತಿದರು. ಪರದೆಯ ನಡುವೆ ಗುರಿಯ ಚುಕ್ಕೆ ನಡುಗುತ್ತ ಬಂದು ನಿಂತಿತು!

ನಾಲ್ವರೂ ಕಿರುಚಿದೆವು. ಎಂಜಿನಿಯರರು ಒಂದು ದೀಪಕ್ಕೆ ಅಂಗೈ ಅಡ್ಡ ಹಿಡಿದರು, ಚುಕ್ಕೆ ತತ್ತರಿಸಿತು. ಕೈ ತೆಗೆದರು, ನೆಟ್ಟಗಾಯಿತು. ಹತ್ತು ಸಲ ಹೀಗೇ ಮಾಡಿದ ಮೇಲೆ ನನ್ನತ್ತ ತಿರುಗಿ, "ಅದು ನನ್ನ ನೋಡ್ತದ ಅಂತ ವಾರಾ ವಾರಾ ಇಸ್ತ್ರಿ ಅಂಗಿ ಹಾಕ್ಕೊಂಡು ನಿಂತಿದ್ನಲ್ರಿ!" ಎಂದರು. ಅವರ ಹೆಂಡತಿ ನಗುತ್ತ ಡಬ್ಬಿಯ ಮೇಲೆ ಕುಸಿದರು. "ಆ ಇಸ್ತ್ರಿ ತಿಕ್ಕಿದಾಕಿ ನಾನರೀ ಅಕ್ಕಾರ!"

ಆಟ ಶುರುವಾಯಿತು. ಇವರೊಂದು ಒಡೆದರೆ ಅವರೊಂದು. ಬಾತುಕೋಳಿ ಬಂದಾಗ ಇಬ್ಬರೂ ಕೈ ಇಳಿಸಿ ಉಸಿರು ಬಿಟ್ಟರು. ಕೊನೆಯ ನಿಮಿಷಕ್ಕೂ ಅಂಕ ಸಮ. ಆಗಲೇ ಅಡುಗೆಮನೆಯಲ್ಲಿ ಎಂಜಿನಿಯರರ ಹೆಂಡತಿ ಚುರುಮುರಿಗೆಂದು ಕೊಟ್ಟ ಮೆಣಸಿನಕಾಯಿ ಒಗ್ಗರಣೆಯ ಘಾಟು ಏರಿ, ಚಾವಣಿಯ ಸ್ಮೋಕ್ ಅಲಾರಂ ಅರಚತೊಡಗಿತು. ನಾನು ರಟ್ಟಿನ ಮುಚ್ಚಳ ಹಿಡಿದು ಅದರ ಕೆಳಗೆ ರಪರಪನೆ ಬೀಸಿದೆ. ಆ ಗಾಳಿಗೆ ದೀಪಗಳು ಓಲಾಡಿ ಆರುವಂತಾದವು. ಚುಕ್ಕೆಗಳು ಹುಚ್ಚೆದ್ದು ಕುಣಿದವು.

"ಬೀಸೂದ ನಿಲ್ಲಸ್ರೀ!" ಎಂದು ಎಂಜಿನಿಯರರು ಕೂಗಿದರೆ, "ನಿಲ್ಲಿಸಿದ್ರೆ ಪೊಲೀಸ್ ಬರ್ತಾರೆ!" ಎಂದು ನಾನು.

ಎಂಜಿನಿಯರರು ತಮ್ಮ ರಿಮೋಟನ್ನು ಸೋಫಾದ ಮೇಲೆ ಎಸೆದು, ದೀಪಗಳ ಪಕ್ಕದಲ್ಲಿ ಮಂಡಿಯೂರಿ ಗಾಳಿಗೆ ಎರಡೂ ಕೈ ಅಡ್ಡ ಹಿಡಿದರು. "ನೀವು ಹೊಡೀರಿ ಮಾಸ್ತರ! ಎಡಕ್ಕ, ಎಡಕ್ಕ! ಮ್ಯಾಲೊಂದು ಬಂತು ನೋಡ್ರಿ!"

ನಮ್ಮವರು ಹೊಡೆದರು. ಒಂದಲ್ಲ, ಎಂಟು ಬಲೂನು. ಸಮಯ ಮುಗಿಯಿತು, ಅಲಾರಂ ಸುಮ್ಮನಾಯಿತು, ಪರದೆ ಇವರ ಗೆಲುವನ್ನು ಸಾರಿತು. ಇವರು ಕೈಯೆತ್ತಿ ಕುಣಿಯಬೇಕಿತ್ತು. ಆದರೆ ಮಂಡಿಯೂರಿದ್ದ ಗೆಳೆಯನನ್ನು ನೋಡುತ್ತ ನಿಂತುಬಿಟ್ಟರು.

"ಇದು ನಡೆಯಲ್ಲ ಸಾಹೇಬ್ರೇ. ನೀವು ಆಡ್ಲೇ ಇಲ್ಲ."

"ಆಡಲಿಲ್ಲಂತ ಯಾರಂದ್ರು? ದೀಪ ಹಿಡದಾಂವ ನಾನು. ಎಂಟರಾಗ ನಾಕು ನಂದು!"

"ತಗೊಳ್ಳಿ, ನಾಲ್ಕೂ ನಿಮ್ದೇ."

"ಹಂಗಾದ್ರ ಮತ್ತ ಸಮ ಆತಲ್ರಿ!" ಎಂದರು ಎಂಜಿನಿಯರರು, ತಾವೇ ಗೆದ್ದಷ್ಟು ಖುಷಿಯಿಂದ.

ನಮ್ಮವರು ಸೋಫಾದ ಮೇಲಿನ ರಿಮೋಟನ್ನು ಎತ್ತಿ ಅವರ ಕೈಗಿಟ್ಟರು. ಇನ್ನೊಂದು ಒಗ್ಗರಣೆಗೆಂದು ಉಳಿಸಿಕೊಂಡಿದ್ದ ಎಣ್ಣೆಯನ್ನೆಲ್ಲ ಅವರ ಹೆಂಡತಿ ನೀಲಾಂಜನಗಳಿಗೆ ಸುರಿದರು.